ಒಂದೇ ಸೋರ್ಸ್, ಮೂರು ಪೈಥಾನ್: ಕಂಪೈಲ್ ಆದ ಕೋಡನ್ನು ಇಡುವ ಕ್ರಮ

ಒಂದೇ ಸರ್ವರ್‌ನಲ್ಲಿ ಪೈಥಾನ್ 3.10, 3.11, 3.12 ಮೂರೂ ಇವೆ. ಮೂರಕ್ಕೂ ಬೇಕಾದ ಲೈಬ್ರರಿ ಮಾತ್ರ ಒಂದೇ ಫೋಲ್ಡರ್‌ನಲ್ಲಿದೆ. ಇಂಥ ಕಡೆ ಸೋರ್ಸನ್ನು ಮೂರು ಪ್ರತಿ ಮಾಡಿಡಬೇಕಿಲ್ಲ. ಕಂಪೈಲ್ ಆದ ಬೈಟ್‌ಕೋಡ್, ಅಂದರೆ ಸೋರ್ಸಿನಿಂದ ಪೈಥಾನ್ ತನಗೆ ಓಡಿಸಲು ಮಾಡಿಕೊಂಡ ರೂಪ, ಮೂರು ಪ್ರತಿ ಇದ್ದರೆ ಸಾಕು. ಅದಕ್ಕೆ ಬೇಕಾದ ಏರ್ಪಾಡು ಪೈಥಾನ್‌ನಲ್ಲೇ ಇದೆ. ಆ ಪ್ರತಿಗಳನ್ನು ಯಾರು ಬರೆಯಬೇಕು, ಯಾವಾಗ ಬರೆಯಬೇಕು, ಹಳತಾದದ್ದನ್ನು ಯಾವ ಲೆಕ್ಕದಲ್ಲಿ ಗುರುತಿಸಬೇಕು ಎಂಬುದಷ್ಟೇ ನಮ್ಮ ತೀರ್ಮಾನಕ್ಕೆ ಬಿಟ್ಟದ್ದು. ಇದನ್ನು ತೀರ್ಮಾನಿಸದೆ ಬಿಟ್ಟರೆ ಎರರ್ ಬರುವುದು ಅಪರೂಪ. ಪ್ರೋಗ್ರಾಂ ಪ್ರತಿಸಲ ನಿಧಾನವಾಗಿ ಶುರುವಾಗುತ್ತದೆ, ಇಲ್ಲವೇ ತಿದ್ದಿದ ಕೋಡ್ ಬದಲು ಹಳೆಯದೇ ಓಡುತ್ತಿರುತ್ತದೆ. ಎರಡೂ ಸದ್ದಿಲ್ಲದೆ ಆಗುವಂಥವು, ಆದ್ದರಿಂದಲೇ ಹುಡುಕಲು ಕಷ್ಟ.

ಇಲ್ಲಿನ ಕಮಾಂಡ್, ಆಯ್ಕೆ, ಫೈಲ್ ಹೆಸರುಗಳನ್ನೆಲ್ಲ ಉಚ್ಚಾರಕ್ಕೆ ತಕ್ಕಂತೆ ಕನ್ನಡದಲ್ಲಿ ಬರೆದಿದೆ. ಟರ್ಮಿನಲ್‌ನಲ್ಲಿ ಅವನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಒತ್ತಬೇಕು. ದೊಡ್ಡಕ್ಷರ ಎಂದು ಹೇಳಿಲ್ಲದ ಕಡೆಯೆಲ್ಲ ಸಣ್ಣಕ್ಷರ.

ಮೊದಲು, ಫೈಲ್ ಹೆಸರಿನೊಳಗೆ ಏನಿದೆ

ಪೈಥಾನ್ 2ರ ಕಾಲದಲ್ಲಿ ಬಡ್ಡಿ.ಪಿವೈ ಎಂಬ ಸೋರ್ಸಿನ ಪಕ್ಕದಲ್ಲೇ ಬಡ್ಡಿ.ಪಿವೈಸಿ ಕೂರುತ್ತಿತ್ತು. ಜಾಗ ಒಂದೇ. 2.5 ಬರೆದದ್ದನ್ನು 2.6 ಅಳಿಸಿ ತನ್ನದನ್ನು ಬರೆಯುತ್ತಿತ್ತು, ಮತ್ತೆ 2.5 ಓಡಿದಾಗ ಅದು ತನ್ನದನ್ನು ಬರೆಯುತ್ತಿತ್ತು. ಹಲವು ಪೈಥಾನ್‌ಗಳನ್ನು ಒಟ್ಟಿಗೆ ಕೊಡುತ್ತಿದ್ದ ಡೆಬಿಯನ್ ಮತ್ತು ಉಬುಂಟುಗಳಿಗೆ ಇದು ದೊಡ್ಡ ತಲೆನೋವಾಗಿತ್ತು. ಒಂದೊಂದು ವರ್ಷನ್‌ಗೆ ಒಂದೊಂದು ಫೋಲ್ಡರ್ ಮಾಡಿ, ಪ್ರತಿ ಸೋರ್ಸ್ ಫೈಲಿಗೂ ಸಿಮ್‌ಲಿಂಕ್ ಎಳೆದು, ಆ ಲಿಂಕ್ ಪಕ್ಕದಲ್ಲಿ ಬೈಟ್‌ಕೋಡ್ ಇಡುತ್ತಿದ್ದರು. ಇದಕ್ಕೆ ಪರಿಹಾರವಾಗಿ ಬ್ಯಾರಿ ವಾರ್ಸಾ ಬರೆದ ಪೆಪ್ 3147 ಪ್ರಸ್ತಾವ 2011ರ ಫೆಬ್ರವರಿಯಲ್ಲಿ ಬಂದ ಪೈಥಾನ್ 3.2ರಲ್ಲಿ ಸೇರಿತು. ಅಂದಿನಿಂದ ಬೈಟ್‌ಕೋಡ್ ಹೋಗುವುದು __ಪೈಕ್ಯಾಶ್__ ಎಂಬ ಉಪಫೋಲ್ಡರ್‌ಗೆ, ಹಿಂದೆ ಮುಂದೆ ಎರಡೆರಡು ಅಂಡರ್‌ಸ್ಕೋರ್ ಇರುವ ಹೆಸರಿಗೆ. ಮೂರು ಪೈಥಾನ್‌ಗಳೂ ಒಂದೇ ಬಡ್ಡಿ.ಪಿವೈ ಅನ್ನು ಇಂಪೋರ್ಟ್ ಮಾಡಿದ ಮೇಲೆ ಒಳಗೆ ಹೀಗಿರುತ್ತದೆ:

ಬಡ್ಡಿ.ಸಿಪೈಥಾನ್-310.ಪಿವೈಸಿ
ಬಡ್ಡಿ.ಸಿಪೈಥಾನ್-311.ಪಿವೈಸಿ
ಬಡ್ಡಿ.ಸಿಪೈಥಾನ್-312.ಪಿವೈಸಿ

ನಡುವಿನ ತುಂಡೇ ಕ್ಯಾಶ್ ಟ್ಯಾಗ್. ನಿಮ್ಮ ಪೈಥಾನ್‌ನ ಟ್ಯಾಗ್ ಬೇಕಿದ್ದರೆ ಸಿಸ್.ಇಂಪ್ಲಿಮೆಂಟೇಶನ್.ಕ್ಯಾಶ್_ಟ್ಯಾಗ್ ಪ್ರಿಂಟ್ ಮಾಡಿ. ಒಂದು ಫೈಲಿನ ಬೈಟ್‌ಕೋಡ್ ಎಲ್ಲಿ ಕೂರುತ್ತದೆಂಬುದನ್ನು ಇಂಪೋರ್ಟ್‌ಲಿಬ್.ಯುಟಿಲ್ ಒಳಗಿನ ಕ್ಯಾಶ್_ಫ್ರಂ_ಸೋರ್ಸ್ ಫಂಕ್ಷನ್ ಹೇಳುತ್ತದೆ. ಈ ಹೆಸರನ್ನು ನಿಮ್ಮ ಸ್ಕ್ರಿಪ್ಟ್‌ನಲ್ಲಿ ಕೈಯಾರೆ ಜೋಡಿಸಲು ಹೋಗಬೇಡಿ, ಈ ಫಂಕ್ಷನ್ನನ್ನೇ ಕೇಳಿ. ಪೈಪೈ ಎಂಬ ಇನ್ನೊಂದು ಬಗೆಯ ಪೈಥಾನ್ ಬಳಸಿದರೆ ಟ್ಯಾಗ್ ಬೇರೆ. ಪೈಥಾನನ್ನು ಆಪ್ಟಿಮೈಸ್ ಆಯ್ಕೆಯೊಂದಿಗೆ ಓಡಿಸಿದರೆ ಹೆಸರಿಗೆ ಆಪ್ಟ್-1 ಅಥವಾ ಆಪ್ಟ್-2 ಎಂಬ ಇನ್ನೊಂದು ತುಂಡು ಸೇರುತ್ತದೆ. ಮೊದಲು ಇದಕ್ಕೆ .ಪಿವೈಓ ಎಂಬ ಬೇರೆಯೇ ಎಕ್ಸ್‌ಟೆನ್ಷನ್ ಇತ್ತು, 3.5ರಲ್ಲಿ ಅದನ್ನು ಕೈಬಿಟ್ಟರು.

ಟ್ಯಾಗ್‌ನಲ್ಲಿ ಪ್ರೊಸೆಸರ್ ಹೆಸರಿಲ್ಲ. ಬೈಟ್‌ಕೋಡ್‌ಗೆ ಇಂಟೆಲ್ ಆದರೂ ಆರ್ಮ್ ಆದರೂ ಒಂದೇ. ಸಿ ಭಾಷೆಯಲ್ಲಿ ಬರೆದ ಎಕ್ಸ್‌ಟೆನ್ಷನ್‌ಗಳ .ಎಸ್‌ಓ ಫೈಲುಗಳು ಹಾಗಲ್ಲ. ಅವುಗಳ ಹೆಸರಿನಲ್ಲಿ ವರ್ಷನ್ ಜೊತೆ ಪ್ಲಾಟ್‌ಫಾರಂ ಕೂಡ ಇರುತ್ತದೆ, ಅವು __ಪೈಕ್ಯಾಶ್__ ಒಳಗೂ ಹೋಗುವುದಿಲ್ಲ.

ಫೈಲಿನ ಮೊದಲ 16 ಬೈಟ್

ಹೆಸರಿನಲ್ಲಿ ವರ್ಷನ್ ಇದೆಯೆಂದು ಪೈಥಾನ್ ಅದನ್ನು ನಂಬಿಬಿಡುವುದಿಲ್ಲ. 3.7ರಿಂದ ಈಚೆಗೆ ಪ್ರತಿ .ಪಿವೈಸಿ ಫೈಲಿನ ತಲೆಯಲ್ಲಿ 16 ಬೈಟ್‌ಗಳ ಹೆಡರ್ ಇದೆ. ಮೊದಲ 4 ಬೈಟ್ ಮ್ಯಾಜಿಕ್ ನಂಬರ್. ಮುಂದಿನ 4 ಫ್ಲ್ಯಾಗ್. ಉಳಿದ 8ರಲ್ಲಿ ಸೋರ್ಸ್ ಫೈಲನ್ನು ಕಡೆಯದಾಗಿ ತಿದ್ದಿದ ಸಮಯಕ್ಕೆ 4, ಅದರ ಗಾತ್ರಕ್ಕೆ 4. ಅಥವಾ ಆ ಎಂಟೂ ಬೈಟ್‌ಗಳಲ್ಲಿ ಸೋರ್ಸಿನ ಹ್ಯಾಶ್, ಅಂದರೆ ಅದರ ಒಳಗಿನದರಿಂದ ಲೆಕ್ಕ ಹಾಕಿ ತೆಗೆದ ಗುರುತು. ಹೆಡರ್ 3.3ರಿಂದ 3.6ರವರೆಗೆ 12 ಬೈಟ್ ಇತ್ತು, ಅದಕ್ಕೂ ಹಿಂದೆ 8. ಹಳೆಯ ಸ್ಕ್ರಿಪ್ಟ್‌ಗಳು 8 ಅಥವಾ 12 ಬೈಟ್ ಬಿಟ್ಟು ಓದಲು ಹೋಗಿ ಎಡವುವುದು ಇದರಿಂದಲೇ.

ಮ್ಯಾಜಿಕ್ ನಂಬರಿನ ಮೊದಲ ಎರಡು ಬೈಟನ್ನು ಲಿಟಲ್ ಎಂಡಿಯನ್ ಕ್ರಮದಲ್ಲಿ ಸಂಖ್ಯೆ ಮಾಡಿಕೊಂಡರೆ ಯಾವ ಪೈಥಾನ್ ಬರೆದದ್ದೆಂದು ಗೊತ್ತಾಗುತ್ತದೆ: 3.8ಕ್ಕೆ 3413, 3.9ಕ್ಕೆ 3425, 3.10ಕ್ಕೆ 3439, 3.11ಕ್ಕೆ 3495, 3.12ಕ್ಕೆ 3531, 3.13ಕ್ಕೆ 3571. 3.12.1ರಿಂದ 3.12.4ಕ್ಕೆ ಹೋದರೆ ಈ ಸಂಖ್ಯೆ ಬದಲಾಗುವುದಿಲ್ಲ, ಹಾಗಾಗಿ ಮತ್ತೆ ಕಂಪೈಲ್ ಮಾಡಬೇಕಿಲ್ಲ. ಈ ನಿಯಮ ಮುರಿದದ್ದೂ ಉಂಟು: 3.5ರ ಸರಣಿಯಲ್ಲಿ ಒಂದು ದೋಷ ತಿದ್ದಲು ನಡುವೆಯೇ 3350ನ್ನು 3351 ಮಾಡಬೇಕಾಯಿತು. ಆಲ್ಫಾ, ಬೀಟಾ ಬಿಡುಗಡೆಗಳಲ್ಲಂತೂ ಟ್ಯಾಗ್ ಅದೇ ಇದ್ದು ಒಳಗಿನ ಸಂಖ್ಯೆ ಪದೇಪದೇ ಬದಲಾಗುತ್ತದೆ.

ಸೋರ್ಸ್ ಜೊತೆಯಲ್ಲಿದ್ದರೆ ಸಂಖ್ಯೆ ಹೊಂದದಿದ್ದಾಗ ಪೈಥಾನ್ ಗಲಾಟೆ ಮಾಡದೆ ಹೊಸದಾಗಿ ಕಂಪೈಲ್ ಮಾಡಿಕೊಳ್ಳುತ್ತದೆ. ಸೋರ್ಸ್ ಇಲ್ಲದೆ ಬರೀ .ಪಿವೈಸಿ ಕೊಟ್ಟಿದ್ದರೆ ಮಾತ್ರ ‘ಬ್ಯಾಡ್ ಮ್ಯಾಜಿಕ್ ನಂಬರ್’ ಎಂಬ ಇಂಪೋರ್ಟ್ ಎರರ್ ಬರುತ್ತದೆ. ಈ ಎರರ್ ಕಂಡರೆ ಕೋಡಿನಲ್ಲಿ ತಪ್ಪು ಹುಡುಕುತ್ತ ಕೂರಬೇಡಿ. ಯಾರೋ ಬೇರೆ ವರ್ಷನ್‌ನಲ್ಲಿ ಕಂಪೈಲ್ ಮಾಡಿದ ಫೈಲನ್ನು ಸೋರ್ಸಿನ ಜಾಗದಲ್ಲಿ ಇಟ್ಟಿದ್ದಾರೆ, ಅಷ್ಟೇ.

ಮೂರೂ ವರ್ಷನ್‌ಗೆ ಮುಂಚಿತವಾಗಿ ಕಂಪೈಲ್ ಮಾಡುವುದು

ನಿಮ್ಮ ಲ್ಯಾಪ್‌ಟಾಪ್‌ನಲ್ಲಾದರೆ ಏನೂ ಮಾಡಬೇಕಿಲ್ಲ. ಮೊದಲ ಇಂಪೋರ್ಟ್‌ನಲ್ಲೇ ಪೈಥಾನ್ ತಾನಾಗಿ ಬರೆದುಕೊಳ್ಳುತ್ತದೆ. ಸರ್ವರ್‌ನಲ್ಲಿ ಹಾಗೆ ಬಿಡುವುದು ಸರಿಯಲ್ಲ. ಅಲ್ಲಿ ಪ್ರೋಗ್ರಾಂ ಓಡಿಸುವ ಯೂಸರ್‌ಗೆ ಕೋಡ್ ಇರುವ ಫೋಲ್ಡರ್‌ನಲ್ಲಿ ಬರೆಯುವ ಹಕ್ಕು ಇರಬಾರದು. ಹಕ್ಕಿಲ್ಲದಿದ್ದರೆ ಪೈಥಾನ್ ಬೈಟ್‌ಕೋಡ್ ಬರೆಯಲಾಗದೆ, ಅದನ್ನು ಹೇಳದೆ, ಪ್ರತಿಸಲವೂ ಮೊದಲಿನಿಂದ ಕಂಪೈಲ್ ಮಾಡುತ್ತದೆ. ಆದ್ದರಿಂದ ಬರೆಯುವ ಕೆಲಸವನ್ನು ಡಿಪ್ಲಾಯ್ ಮಾಡುವವರೇ, ಅಂದರೆ ಕೋಡನ್ನು ಸರ್ವರ್‌ಗೆ ಹಾಕುವವರೇ, ಡಿಪ್ಲಾಯ್ ಹೊತ್ತಿನಲ್ಲೇ ಮುಗಿಸಬೇಕು.

ಲೈಬ್ರರಿ /ಆಪ್ಟ್/ಕಾಮನ್ ಫೋಲ್ಡರ್‌ನಲ್ಲಿದೆ ಎಂದಿಟ್ಟುಕೊಳ್ಳಿ. ಮೊದಲು ಯುಮಾಸ್ಕ್ 022 ಎಂದು ಕೊಡಿ. ಹೊಸ ಫೈಲು, ಫೋಲ್ಡರ್‌ಗಳಿಗೆ ಯಾವ ಪರ್ಮಿಷನ್ ಕೊಡಬಾರದೆಂದು ಹೇಳುವ ಕಮಾಂಡ್ ಇದು. ಇದನ್ನು ಮರೆತು ರೂಟ್‌ನ ಯುಮಾಸ್ಕ್ 077 ಇದ್ದರೆ __ಪೈಕ್ಯಾಶ್__ ಫೋಲ್ಡರ್ 700 ಪರ್ಮಿಷನ್‌ನಲ್ಲಿ ಹುಟ್ಟುತ್ತದೆ, ಬೇರೆ ಯೂಸರ್‌ಗಳಿಗೆ ಓದಲಾಗುವುದಿಲ್ಲ. ಓದಲಾಗದ ಬೈಟ್‌ಕೋಡನ್ನು ಪೈಥಾನ್ ಇಲ್ಲವೆಂದೇ ಭಾವಿಸುತ್ತದೆ. ಇನ್ನೊಂದು ಸೂಕ್ಷ್ಮ: .ಪಿವೈಸಿ ಫೈಲಿನ ಪರ್ಮಿಷನ್ ಸೋರ್ಸ್ ಫೈಲಿನದನ್ನೇ ಅನುಸರಿಸುತ್ತದೆ. ಸೋರ್ಸ್ 600 ಇದ್ದರೆ ಅದೂ 600.

ಆಮೇಲೆ ಪ್ರತಿ ಪೈಥಾನ್‌ಗೂ ಒಂದೊಂದು ಸಲ:

ಪೈಥಾನ್3.10 -ಎಂ ಕಂಪೈಲ್‌ಆಲ್ -ಕ್ಯೂ -ಜೆ 0 /ಆಪ್ಟ್/ಕಾಮನ್
ಪೈಥಾನ್3.11 -ಎಂ ಕಂಪೈಲ್‌ಆಲ್ -ಕ್ಯೂ -ಜೆ 0 /ಆಪ್ಟ್/ಕಾಮನ್
ಪೈಥಾನ್3.12 -ಎಂ ಕಂಪೈಲ್‌ಆಲ್ -ಕ್ಯೂ -ಜೆ 0 /ಆಪ್ಟ್/ಕಾಮನ್

-ಕ್ಯೂ ಕೊಟ್ಟರೆ ಎರರ್ ಮಾತ್ರ ಕಾಣುತ್ತದೆ, ಎರಡು ಸಲ ಕೊಟ್ಟರೆ ಅದೂ ಇಲ್ಲ. ಎರಡು ಸಲ ಕೊಡಬೇಡಿ. -ಜೆ 0 ಎಂದರೆ ಮಷೀನ್‌ನಲ್ಲಿ ಎಷ್ಟು ಸಿಪಿಯು ಇವೆಯೋ ಅಷ್ಟು ಕೆಲಸ ಒಟ್ಟಿಗೆ. ಯಾವುದಾದರೂ ಫೈಲ್ ಕಂಪೈಲ್ ಆಗದಿದ್ದರೆ ಕಮಾಂಡ್ 1 ಎಂಬ ಎಕ್ಸಿಟ್ ಕೋಡ್‌ನೊಂದಿಗೆ ಮುಗಿಯುತ್ತದೆ; ಡಿಪ್ಲಾಯ್ ಸ್ಕ್ರಿಪ್ಟ್ ಅದನ್ನು ನೋಡಿ ಅಲ್ಲಿಗೇ ನಿಲ್ಲಬೇಕು. ಇಲ್ಲೊಂದು ಬಿಟ್ಟಿ ಲಾಭವಿದೆ. ಮ್ಯಾಚ್ ಸ್ಟೇಟ್‌ಮೆಂಟ್ ಬಂದದ್ದು 3.10ರಲ್ಲಿ, ನಕ್ಷತ್ರ ಹಾಕಿದ ಎಕ್ಸೆಪ್ಟ್ 3.11ರಲ್ಲಿ, ಟೈಪ್ ಸ್ಟೇಟ್‌ಮೆಂಟ್ 3.12ರಲ್ಲಿ. ಯಾರಾದರೂ 3.12ರ ಬರವಣಿಗೆಯನ್ನು ಸಾಮಾನ್ಯ ಲೈಬ್ರರಿಗೆ ತುರುಕಿದ್ದರೆ ಮೊದಲ ಸಾಲಿನ ಕಮಾಂಡ್‌ನಲ್ಲೇ ಸಿಂಟ್ಯಾಕ್ಸ್ ಎರರ್ ಬರುತ್ತದೆ, ಗ್ರಾಹಕರ ಎದುರು ಬರುವುದಿಲ್ಲ. ಆದರೆ ಇದು ಹಿಡಿಯುವುದು ಸಿಂಟ್ಯಾಕ್ಸ್ ತಪ್ಪನ್ನು ಮಾತ್ರ. ಹಳೆಯ ಪೈಥಾನ್‌ನಲ್ಲಿ ಇಲ್ಲದ ಮಾಡ್ಯೂಲನ್ನು ಇಂಪೋರ್ಟ್ ಮಾಡಿದ್ದರೆ ಕಂಪೈಲ್ ನಿರಾಳವಾಗಿ ಮುಗಿದು ಓಡುವಾಗ ಕೈಕೊಡುತ್ತದೆ. ಟೆಸ್ಟ್ ಓಡಿಸುವುದು ತಪ್ಪುವುದಿಲ್ಲ.

ಟೆಂಪ್ಲೇಟ್‌ಗಳನ್ನು .ಪಿವೈ ಹೆಸರಿನಲ್ಲೇ ಇಟ್ಟಿರುವ ಪ್ಯಾಕೇಜ್‌ಗಳಿವೆ. ಅವು ನಿಜವಾದ ಪೈಥಾನ್ ಅಲ್ಲವಾದ್ದರಿಂದ ಕಂಪೈಲ್ ಆಗುವುದಿಲ್ಲ. ಅಂಥ ಫೋಲ್ಡರ್‌ಗಳನ್ನು -ಎಕ್ಸ್ ಆಯ್ಕೆಗೆ ರೆಜೆಕ್ಸ್ ಕೊಟ್ಟು ಹೊರಗಿಡಿ.

ಆಪ್ಟಿಮೈಸ್ ಮಾಡಿದ ಪ್ರತಿಗಳೂ ಬೇಕಿದ್ದರೆ 3.9ರಿಂದ ಈಚೆಗೆ -ಓ 0 -ಓ 1 -ಓ 2 ಎಂದು ಒಂದೇ ಕಮಾಂಡ್‌ನಲ್ಲಿ ಮೂರು ಹಂತ ಕೊಡಬಹುದು. ಹಂತ 1ರಲ್ಲಿ ಅಸರ್ಟ್ ಸಾಲುಗಳು ಹೋಗುತ್ತವೆ, 2ರಲ್ಲಿ ಡಾಕ್‌ಸ್ಟ್ರಿಂಗ್‌ಗಳೂ ಹೋಗುತ್ತವೆ. ಮೂರು ವರ್ಷನ್, ಮೂರು ಹಂತ ಸೇರಿದರೆ ಒಂದೊಂದು ಸೋರ್ಸಿಗೂ ಒಂಬತ್ತು ಫೈಲ್. ಅಸರ್ಟ್ ಇಲ್ಲದ ಮಾಡ್ಯೂಲ್‌ನಲ್ಲಿ ಹಂತ 0 ಮತ್ತು 1 ಅಕ್ಷರಶಃ ಒಂದೇ ಆಗಿರುವುದರಿಂದ --ಹಾರ್ಡ್‌ಲಿಂಕ್-ಡ್ಯೂಪ್ಸ್ ಸೇರಿಸಿದರೆ ಡಿಸ್ಕ್ ಉಳಿಯುತ್ತದೆ. ಪ್ರೊಡಕ್ಷನ್‌ನಲ್ಲಿ ನೀವು ಆಪ್ಟಿಮೈಸ್ ಆಯ್ಕೆ ಬಳಸುತ್ತಿಲ್ಲವಾದರೆ, ಹೆಚ್ಚಿನವರು ಬಳಸುವುದಿಲ್ಲ, ಈ ಪ್ಯಾರಾ ನಿಮಗಲ್ಲ.

ಹಳತಾಯಿತೋ ಇಲ್ಲವೋ: ಮೂರು ಲೆಕ್ಕ

ಹೆಚ್ಚಿನ ಪೀಕಲಾಟ ಹುಟ್ಟುವುದು ಇಲ್ಲಿ. ಮಾಮೂಲಿ ಲೆಕ್ಕ ಟೈಮ್‌ಸ್ಟ್ಯಾಂಪ್‌ನದು: .ಪಿವೈಸಿ ಒಳಗೆ ಬರೆದ ಸಮಯ ಮತ್ತು ಗಾತ್ರ, ಸೋರ್ಸ್ ಫೈಲಿನ ಈಗಿನ ಸಮಯ ಮತ್ತು ಗಾತ್ರಕ್ಕೆ ಸಮ ಇರಬೇಕು. ಸೋರ್ಸ್ ಹೊಸದಾದರೆ ಮಾತ್ರ ಮತ್ತೆ ಕಂಪೈಲ್ ಆಗುತ್ತದೆಂದು ಹಲವರ ನಂಬಿಕೆ. ಹಾಗಲ್ಲ. ಸೋರ್ಸಿನ ಸಮಯ ಹಿಂದಕ್ಕೆ ಹೋದರೂ, ಒಂದೇ ಒಂದು ಸೆಕೆಂಡ್ ವ್ಯತ್ಯಾಸವಾದರೂ ಅದು ಹಳತೇ.

ಇದರ ಪರಿಣಾಮ ನೋಡಿ. ಬಿಲ್ಡ್ ಮಷೀನ್‌ನಲ್ಲಿ ಮೂರೂ ವರ್ಷನ್‌ಗೆ ಕಂಪೈಲ್ ಮಾಡಿ, ಆಮೇಲೆ ಸಿಪಿ -ಆರ್ ಎಂದು ನಕಲು ಮಾಡಿದರೆ ಸೋರ್ಸ್ ಫೈಲುಗಳಿಗೆಲ್ಲ ಈಗಿನ ಸಮಯ ಬರುತ್ತದೆ. ಬೈಟ್‌ಕೋಡ್ ಒಳಗೆ ಇರುವುದು ಹಳೆಯ ಸಮಯ. ಅಷ್ಟೂ ಕಂಪೈಲ್ ನೀರುಪಾಲು. ಆರ್‌ಸಿಂಕ್ ಬಳಸುವುದಾದರೆ -ಎ ಕೊಡಿ. ಬರೀ -ಆರ್ ಕೊಟ್ಟರೆ ಸಮಯ ಉಳಿಯುವುದಿಲ್ಲ. ಸಿಪಿ ಆದರೆ -ಎ ಅಥವಾ -ಪಿ. ಟಾರ್ ಸಮಯವನ್ನು ಉಳಿಸುತ್ತದೆ. ಗಿಟ್ ಸಮಯವನ್ನು ಇಟ್ಟುಕೊಳ್ಳುವುದೇ ಇಲ್ಲ, ಚೆಕ್‌ಔಟ್ ಮಾಡಿದ ಕ್ಷಣವೇ ಫೈಲಿನ ಸಮಯ. ಹಾಗಾಗಿ ಗಿಟ್‌ನಿಂದ ನೇರವಾಗಿ ಡಿಪ್ಲಾಯ್ ಮಾಡುವ ಕಡೆ ಚೆಕ್‌ಔಟ್ ಮುಗಿದ ಮೇಲೆಯೇ ಕಂಪೈಲ್‌ಆಲ್ ಓಡಬೇಕು, ಮೊದಲಲ್ಲ.

ಉಲ್ಟಾ ತಪ್ಪೂ ಇದೆ. ಸಮಯವನ್ನು ಪೂರ್ಣ ಸೆಕೆಂಡ್‌ಗಳಲ್ಲಿ ಮಾತ್ರ ಬರೆಯುವುದರಿಂದ, ಒಂದೇ ಸೆಕೆಂಡ್‌ನೊಳಗೆ ಫೈಲ್ ಬರೆದು, ಇಂಪೋರ್ಟ್ ಮಾಡಿ, ಅಷ್ಟೇ ಅಕ್ಷರಗಳಿರುವಂತೆ ಮತ್ತೆ ತಿದ್ದಿದರೆ ಪೈಥಾನ್‌ಗೆ ಬದಲಾವಣೆ ಗೊತ್ತಾಗುವುದಿಲ್ಲ. ಕೈಯಿಂದ ತಿದ್ದುವವರಿಗೆ ಇದು ಆಗದು. ಕೋಡ್ ಹುಟ್ಟಿಸುವ ಸ್ಕ್ರಿಪ್ಟ್‌ಗಳಿಗೆ, ಟೆಸ್ಟ್‌ಗಳಿಗೆ ಆಗುತ್ತದೆ. ಎಲ್ಲ ಫೈಲುಗಳಿಗೂ ಒಂದೇ ಸ್ಥಿರ ಸಮಯ ಹಾಕುವ ಬಿಲ್ಡ್ ವ್ಯವಸ್ಥೆಗಳಲ್ಲಿ ಇದು ಇನ್ನೂ ಅಪಾಯ: 8 ಎಂದಿದ್ದ ಬಡ್ಡಿ ದರವನ್ನು 9 ಮಾಡಿದರೆ ಗಾತ್ರ ಬದಲಾಗದು, ಸಮಯವೂ ಬದಲಾಗದು, ಹಳೆಯ ದರವೇ ಓಡುತ್ತದೆ.

ಇದಕ್ಕಾಗಿ 3.7ರಲ್ಲಿ ಪೆಪ್ 552 ಮೂಲಕ ಹ್ಯಾಶ್ ಆಧಾರಿತ ಬೈಟ್‌ಕೋಡ್ ಬಂತು. ಎರಡು ಬಗೆ. ಚೆಕ್ಡ್-ಹ್ಯಾಶ್ ಆದರೆ ಪೈಥಾನ್ ಇಂಪೋರ್ಟ್ ಮಾಡುವಾಗ ಸೋರ್ಸನ್ನು ಪೂರ್ತಿ ಓದಿ, ಹ್ಯಾಶ್ ತೆಗೆದು, ಹೆಡರ್‌ನಲ್ಲಿರುವುದಕ್ಕೆ ಹೋಲಿಸುತ್ತದೆ. ಅನ್‌ಚೆಕ್ಡ್-ಹ್ಯಾಶ್ ಆದರೆ ಏನನ್ನೂ ನೋಡದೆ ಬೈಟ್‌ಕೋಡನ್ನೇ ನಂಬುತ್ತದೆ. ಹೆಡರ್‌ನ ಫ್ಲ್ಯಾಗ್ 0 ಇದ್ದರೆ ಟೈಮ್‌ಸ್ಟ್ಯಾಂಪ್, 1 ಇದ್ದರೆ ಅನ್‌ಚೆಕ್ಡ್, 3 ಇದ್ದರೆ ಚೆಕ್ಡ್. ಬರೆಯುವ ಬಗೆ:

ಪೈಥಾನ್3.12 -ಎಂ ಕಂಪೈಲ್‌ಆಲ್ -ಎಫ್ -ಕ್ಯೂ -ಜೆ 0 --ಇನ್‌ವ್ಯಾಲಿಡೇಶನ್-ಮೋಡ್ ಅನ್‌ಚೆಕ್ಡ್-ಹ್ಯಾಶ್ /ಆಪ್ಟ್/ಕಾಮನ್

ಇಲ್ಲಿ -ಎಫ್ ಬಿಡಬೇಡಿ. ಟೈಮ್‌ಸ್ಟ್ಯಾಂಪ್ ಬಗೆಯ ಸರಿಯಾದ ಬೈಟ್‌ಕೋಡ್ ಮೊದಲೇ ಇದ್ದರೆ ಕಂಪೈಲ್‌ಆಲ್ ‘ಇದು ಹೊಸದೇ ಇದೆ’ ಎಂದು ದಾಟಿಹೋಗುತ್ತದೆ, ನೀವು ಕೇಳಿದ ಬಗೆಗೆ ಬದಲಾಯಿಸುವುದಿಲ್ಲ. ಕಮಾಂಡ್ ಯಶಸ್ವಿ ಎನ್ನುತ್ತದೆ, ಫೈಲುಗಳು ಹಳೆಯ ಬಗೆಯಲ್ಲೇ ಉಳಿದಿರುತ್ತವೆ. ಇನ್ನು ಸೋರ್ಸ್_ಡೇಟ್_ಇಪೋಕ್ (ಪೂರ್ತಿ ದೊಡ್ಡಕ್ಷರ) ಎಂಬ ಎನ್ವಿರಾನ್‌ಮೆಂಟ್ ವೇರಿಯೇಬಲ್ ಇದ್ದರೆ ಕಂಪೈಲ್‌ಆಲ್ ಹೇಳದೆಯೇ ಚೆಕ್ಡ್-ಹ್ಯಾಶ್ ಬಳಸುತ್ತದೆ. ಪ್ಯಾಕೇಜ್ ಕಟ್ಟುವವರು ಇದನ್ನು ತಿಳಿದಿರಬೇಕು.

ಯಾವುದು ಯಾರಿಗೆ? ಕೋಡ್ ತಿದ್ದುವ ಮಷೀನ್‌ನಲ್ಲಿ ಟೈಮ್‌ಸ್ಟ್ಯಾಂಪ್, ಎರಡನೇ ಯೋಚನೆ ಬೇಡ. ಒಮ್ಮೆ ಕಟ್ಟಿದ ಮೇಲೆ ಯಾರೂ ಮುಟ್ಟದ ಕಂಟೇನರ್ ಇಮೇಜ್‌ಗೆ ಅನ್‌ಚೆಕ್ಡ್-ಹ್ಯಾಶ್. ಸಮಯ ನಂಬಲಾಗದ ಕಡೆ, ಆದರೆ ಸೋರ್ಸ್ ಬದಲಾಗುವ ಸಾಧ್ಯತೆ ಇರುವ ಕಡೆ ಚೆಕ್ಡ್-ಹ್ಯಾಶ್. ಓದುವ ಖರ್ಚು ಸ್ವಲ್ಪ ಇದೆ, ಕಂಪೈಲ್ ಮಾಡುವ ಖರ್ಚಿಗಿಂತ ಕಡಿಮೆಯೇ. ಅನ್‌ಚೆಕ್ಡ್ ಹಾಕಿದ ಸರ್ವರ್‌ಗೆ ರಾತ್ರಿ ಲಾಗಿನ್ ಆಗಿ ಸೋರ್ಸ್ ತಿದ್ದಿ ರೀಸ್ಟಾರ್ಟ್ ಮಾಡಿದರೆ ಏನೂ ಬದಲಾಗುವುದಿಲ್ಲ. ಆ ಹೊತ್ತಿನಲ್ಲಿ ಈ ಕಾರಣ ಯಾರಿಗೂ ಹೊಳೆಯುವುದಿಲ್ಲವಾದ್ದರಿಂದ ಡಿಪ್ಲಾಯ್ ಟಿಪ್ಪಣಿಯಲ್ಲಿ ಬರೆದಿಡಿ. ತುರ್ತಿಗೆ --ಚೆಕ್-ಹ್ಯಾಶ್-ಬೇಸ್ಡ್-ಪಿವೈಸಿಎಸ್ ಆಲ್ವೇಸ್ ಎಂಬ ಆಯ್ಕೆಯೊಂದಿಗೆ ಪೈಥಾನ್ ಓಡಿಸಿದರೆ ಅನ್‌ಚೆಕ್ಡ್ ಫೈಲುಗಳನ್ನೂ ಅದು ಪರೀಕ್ಷಿಸುತ್ತದೆ.

ಕ್ಯಾಶನ್ನು ಬೇರೆಡೆ ಇಡುವುದು

ಸೋರ್ಸ್ ಫೋಲ್ಡರ್ ರೀಡ್-ಓನ್ಲಿ ಇದ್ದರೆ, ಅಥವಾ ಅಲ್ಲೆಲ್ಲ __ಪೈಕ್ಯಾಶ್__ ಹರಡುವುದು ಬೇಡವಾದರೆ, 3.8ರಿಂದ ಪೈಥಾನ್‌ಪೈಕ್ಯಾಶ್‌ಪ್ರಿಫಿಕ್ಸ್ ಎಂಬ ವೇರಿಯೇಬಲ್ ಇದೆ. ಪೂರ್ತಿ ದೊಡ್ಡಕ್ಷರ, ನಡುವೆ ಅಂಡರ್‌ಸ್ಕೋರ್ ಇಲ್ಲ. ಅದಕ್ಕೆ /ವಾರ್/ಕ್ಯಾಶ್/ಬೈಟ್‌ಕೋಡ್ ಎಂದು ಕೊಟ್ಟರೆ ಬಡ್ಡಿ.ಪಿವೈಯ ಪ್ರತಿ /ವಾರ್/ಕ್ಯಾಶ್/ಬೈಟ್‌ಕೋಡ್/ಆಪ್ಟ್/ಕಾಮನ್ ಒಳಗೆ ಕೂರುತ್ತದೆ. ಅಂದರೆ ಸೋರ್ಸಿನ ಪೂರ್ತಿ ದಾರಿ ಅಲ್ಲಿ ಮರುಕಳಿಸುತ್ತದೆ, __ಪೈಕ್ಯಾಶ್__ ಎಂಬ ಫೋಲ್ಡರ್ ಇರುವುದಿಲ್ಲ, ವರ್ಷನ್ ಟ್ಯಾಗ್ ಇದ್ದೇ ಇರುತ್ತದೆ. ಮೂರು ಪೈಥಾನ್‌ಗಳಿಗೂ ಒಂದೇ ಪ್ರಿಫಿಕ್ಸ್ ಸಾಕು.

ಮರೆಯಬಾರದ ಸಂಗತಿ: ಪ್ರಿಫಿಕ್ಸ್ ಕೊಟ್ಟ ಮೇಲೆ ಪೈಥಾನ್ ಸೋರ್ಸಿನ ಪಕ್ಕದ __ಪೈಕ್ಯಾಶ್__ ಕಡೆ ತಿರುಗಿಯೂ ನೋಡುವುದಿಲ್ಲ. ಕಂಪೈಲ್‌ಆಲ್ ಓಡಿಸುವಾಗ ಪ್ರಿಫಿಕ್ಸ್ ಇಲ್ಲದೆ, ಪ್ರೋಗ್ರಾಂ ಓಡಿಸುವಾಗ ಇದ್ದರೆ, ನೀವು ಬರೆದದ್ದು ಒಂದು ಕಡೆ, ಅದು ಹುಡುಕುವುದು ಇನ್ನೊಂದು ಕಡೆ. ಪೈಥಾನ್‌ನ ಸ್ವಂತ ಸ್ಟ್ಯಾಂಡರ್ಡ್ ಲೈಬ್ರರಿಗೂ ಇದೇ ನಿಯಮ. ಅದರ ಜೊತೆ ಸಿದ್ಧವಾಗಿ ಬಂದ ಬೈಟ್‌ಕೋಡ್ ಕೂಡ ಬಳಕೆಗೆ ಬರುವುದಿಲ್ಲ.

ಪ್ರಿಫಿಕ್ಸ್‌ಗೆ /ಟಿಎಂಪಿ ಕೊಡುವವರಿದ್ದಾರೆ. ಕೊಡಬೇಡಿ. ಸಮಯ, ಗಾತ್ರ ಹೊಂದುವಂತೆ ಹೆಡರ್ ಬರೆದು ಒಳಗೆ ಬೇರೆ ಕೋಡ್ ಇಟ್ಟರೆ ಪೈಥಾನ್ ಅದನ್ನೇ ಓಡಿಸುತ್ತದೆ. ಎಲ್ಲರೂ ಬರೆಯಬಹುದಾದ ಫೋಲ್ಡರ್‌ನಲ್ಲಿ ಕ್ಯಾಶ್ ಇಡುವುದೆಂದರೆ ಆ ಮಷೀನ್‌ನ ಯಾವ ಯೂಸರ್ ಬೇಕಾದರೂ ನಿಮ್ಮ ಪ್ರೋಗ್ರಾಂನ ಹಕ್ಕಿನಲ್ಲಿ ತನ್ನ ಕೋಡ್ ಓಡಿಸಲಿ ಎಂದಂತೆ. ಕ್ಯಾಶ್ ಫೋಲ್ಡರ್‌ಗೂ ಸೋರ್ಸಿನಷ್ಟೇ ಕಾವಲು ಬೇಕು.

ಪಿಪ್, ಯುವಿ, ಕಂಟೇನರ್

ಪಿಪ್, ಯುವಿ ಎರಡೂ ಪ್ಯಾಕೇಜ್ ಇನ್‌ಸ್ಟಾಲ್ ಮಾಡುವ ಉಪಕರಣಗಳು. ಪಿಪ್ ಇನ್‌ಸ್ಟಾಲ್ ಮಾಡುವಾಗಲೇ ಕಂಪೈಲ್ ಮಾಡುತ್ತದೆ. --ನೋ-ಕಂಪೈಲ್ ಕೊಟ್ಟರೆ ಇಲ್ಲ. ಯುವಿ ತಾನಾಗಿ ಮಾಡುವುದಿಲ್ಲ, --ಕಂಪೈಲ್-ಬೈಟ್‌ಕೋಡ್ ಕೊಡಬೇಕು ಅಥವಾ ಯುವಿ_ಕಂಪೈಲ್_ಬೈಟ್‌ಕೋಡ್ ವೇರಿಯೇಬಲನ್ನು (ಇದೂ ಪೂರ್ತಿ ದೊಡ್ಡಕ್ಷರ) 1 ಮಾಡಬೇಕು. ಪಿಪ್‌ನಿಂದ ಯುವಿಗೆ ಬದಲಿಸಿದ ಮೇಲೆ ಕಂಟೇನರ್ ಏಳುವುದು ನಿಧಾನವಾದರೆ ಮೊದಲು ಇದನ್ನು ನೋಡಿ.

ಡಾಕರ್‌ಫೈಲ್‌ಗಳಲ್ಲಿ ಪೈಥಾನ್‌ಡೋಂಟ್‌ರೈಟ್‌ಬೈಟ್‌ಕೋಡ್ 1 (ಹೆಸರು ಪೂರ್ತಿ ದೊಡ್ಡಕ್ಷರ) ಎಂಬ ಸಾಲು ಕಣ್ಣುಮುಚ್ಚಿ ನಕಲಾಗುತ್ತ ಬಂದಿದೆ. ಅದು ಇಂಪೋರ್ಟ್ ಹೊತ್ತಿನಲ್ಲಿ ಬರೆಯುವುದನ್ನು ಮಾತ್ರ ತಡೆಯುತ್ತದೆ. ಇರುವುದನ್ನು ಓದುವುದನ್ನು ತಡೆಯದು, ಕಂಪೈಲ್‌ಆಲ್ ಕಮಾಂಡನ್ನೂ ತಡೆಯದು. ಆದ್ದರಿಂದ ಆ ಸಾಲು ಇರಲಿ, ಜೊತೆಗೆ ನಿಮ್ಮ ಸ್ವಂತ ಕೋಡ್ ನಕಲಾದ ಮೇಲೆ ಇಮೇಜ್ ಕಟ್ಟುವಾಗಲೇ ಕಂಪೈಲ್‌ಆಲ್ ಓಡಿಸಿ. ಆ ಸಾಲು ಇದ್ದು ಕಂಪೈಲ್ ಇಲ್ಲದಿದ್ದರೆ ಪ್ರತಿ ಕಂಟೇನರ್ ಪ್ರತಿಸಲವೂ ನಿಮ್ಮ ಕೋಡನ್ನೆಲ್ಲ ಮೊದಲಿನಿಂದ ಕಂಪೈಲ್ ಮಾಡುತ್ತದೆ. ನೆನಪಿಡಿ, ಬೈಟ್‌ಕೋಡ್‌ನಿಂದ ಬೇಗವಾಗುವುದು ಶುರುವಾಗುವಿಕೆ ಮಾತ್ರ, ಓಡುವ ವೇಗ ಬದಲಾಗದು. ದಿನಗಟ್ಟಲೆ ಓಡುವ ಸರ್ವರ್‌ಗಿಂತ ಕ್ಷಣದಲ್ಲಿ ಮುಗಿಯುವ ಕಮಾಂಡ್‌ಗಳಿಗೆ, ಕ್ರಾನ್ ಕೆಲಸಗಳಿಗೆ, ಲ್ಯಾಂಬ್ಡಾ ಫಂಕ್ಷನ್‌ಗಳಿಗೆ ಇದರ ಲಾಭ ಹೆಚ್ಚು. ನೇರವಾಗಿ ಓಡಿಸಿದ ಮುಖ್ಯ ಸ್ಕ್ರಿಪ್ಟ್ ಮಾತ್ರ ಎಂದೂ ಕ್ಯಾಶ್ ಆಗುವುದಿಲ್ಲ. ಅದನ್ನು ನಾಲ್ಕು ಸಾಲಿಗೆ ಇಳಿಸಿ ಉಳಿದದ್ದನ್ನು ಮಾಡ್ಯೂಲ್‌ಗೆ ಸಾಗಿಸಿ.

ಒಂದೇ ಫೋಲ್ಡರನ್ನು ಮೂರು ಪೈಥಾನ್‌ಗೆ ಹಂಚುವುದು ಶುದ್ಧ ಪೈಥಾನ್ ಕೋಡಿಗೆ ಮಾತ್ರ ಚೆನ್ನ. ಪಿಪ್‌ನಿಂದ ತಂದ ಪ್ಯಾಕೇಜ್‌ಗಳನ್ನು ಹಾಗೆ ಹಂಚಬೇಡಿ. ಒಂದೇ ಪ್ಯಾಕೇಜ್ ಬೇರೆಬೇರೆ ವರ್ಷನ್‌ಗೆ ಬೇರೆಬೇರೆ ಅವಲಂಬನೆಗಳನ್ನು ಕೇಳಬಹುದು. ಅದರ ಮಾಹಿತಿ ಇರುವ ಡಿಸ್ಟ್-ಇನ್ಫೋ ಫೋಲ್ಡರ್ ಒಂದೇ ಇರುತ್ತದೆ. ಅವಕ್ಕೆ ವರ್ಷನ್‌ಗೊಂದು ವರ್ಚುವಲ್ ಎನ್ವಿರಾನ್‌ಮೆಂಟ್ ಮಾಡಿ. ಡೆಬಿಯನ್ /ಯುಎಸ್‌ಆರ್/ಲಿಬ್/ಪೈಥಾನ್3/ಡಿಸ್ಟ್-ಪ್ಯಾಕೇಜಸ್ ಎಂಬ ಒಂದೇ ಫೋಲ್ಡರನ್ನು ಎಲ್ಲ ಪೈಥಾನ್ 3ಗಳಿಗೂ ಹಂಚುತ್ತದೆ ನಿಜ, ಆದರೆ ಅಲ್ಲಿ ಪ್ಯಾಕೇಜ್‌ಗಳು ಒಂದಕ್ಕೊಂದು ಹೊಂದುವಂತೆ ನೋಡಿಕೊಳ್ಳುವವರು ಬೇರೆ ಇದ್ದಾರೆ, ಇನ್‌ಸ್ಟಾಲ್ ಹೊತ್ತಿನಲ್ಲಿ ಪೈ3ಕಂಪೈಲ್ ಎಂಬ ಉಪಕರಣ ಬೈಟ್‌ಕೋಡ್ ಬರೆಯುತ್ತದೆ. ಫೆಡೋರಾ ವರ್ಷನ್‌ಗೊಂದು ಫೋಲ್ಡರ್ ಇಟ್ಟು ಬೈಟ್‌ಕೋಡನ್ನು ಪ್ಯಾಕೇಜ್ ಒಳಗೇ ಸೇರಿಸಿ ಕೊಡುತ್ತದೆ.

ಜಿಪ್ ಫೈಲಿನಿಂದ ನೇರವಾಗಿ ಇಂಪೋರ್ಟ್ ಮಾಡುವುದಿದ್ದರೆ ಮೇಲಿನದೆಲ್ಲ ಅನ್ವಯಿಸುವುದಿಲ್ಲ. ಜಿಪ್ ಒಳಗಿನ __ಪೈಕ್ಯಾಶ್__ ಅನ್ನು ಪೈಥಾನ್ ಓದುವುದಿಲ್ಲ. ಸೋರ್ಸ್ ಪಕ್ಕದಲ್ಲಿ ಹಳೆಯ ಶೈಲಿಯ ಬಡ್ಡಿ.ಪಿವೈಸಿ ಇದ್ದರಷ್ಟೇ ಬಳಸುತ್ತದೆ. ಆ ಶೈಲಿಯಲ್ಲಿ ಬರೆಯಲು ಕಂಪೈಲ್‌ಆಲ್‌ಗೆ -ಬಿ ಕೊಡಬೇಕು. ಜಾಗ ಒಂದೇ ಆದ್ದರಿಂದ ವರ್ಷನ್‌ಗೊಂದು ಜಿಪ್ ಮಾಡುವುದು ಅನಿವಾರ್ಯ.

ಕೆಲಸ ಆಗುತ್ತಿದೆಯೇ ಎಂದು ನೋಡುವುದು

ಪೈಥಾನ್3.12 -ವಿ -ಸಿ ಎಂದು ಕೊಟ್ಟು ಉದ್ಧರಣ ಚಿಹ್ನೆಯೊಳಗೆ ಇಂಪೋರ್ಟ್ ಬಡ್ಡಿ ಎಂದು ಬರೆಯಿರಿ. ಸಾಲುಸಾಲಾಗಿ ಸಂದೇಶ ಸುರಿಯುತ್ತದೆ, ನಿಮ್ಮ ಫೋಲ್ಡರ್ ಹೆಸರಿಗೆ ಗ್ರೆಪ್ ಹಾಕಿ. .ಪಿವೈಸಿ ‘ಮ್ಯಾಚಸ್’ ಎಂದು ಬಂದರೆ ಕ್ಯಾಶ್ ಸರಿಯಾಗಿ ಓದಿದೆ. ‘ಬೈಟ್‌ಕೋಡ್ ಈಸ್ ಸ್ಟೇಲ್’ ಎಂದರೆ ಸಮಯ ಹೊಂದಿಲ್ಲ. ‘ರೋಟ್’ ಎಂದರೆ ಈಗಷ್ಟೇ ಬರೆಯಿತು. ಎರಡನೇ ಸಲವೂ ಅದೇ ಬಂದರೆ ಬೇರೆ ಯಾವುದೋ ಪ್ರಕ್ರಿಯೆ ಸೋರ್ಸಿನ ಸಮಯ ಬದಲಿಸುತ್ತಿದೆ. ‘ಕುಡ್ ನಾಟ್ ಕ್ರಿಯೇಟ್’ ಎಂದರೆ ಪರ್ಮಿಷನ್. ಇದನ್ನು ಪ್ರೋಗ್ರಾಂ ಓಡುವ ಯೂಸರ್ ಆಗಿಯೇ ಪರೀಕ್ಷಿಸಿ. ರೂಟ್ ಆಗಿ ಪರೀಕ್ಷಿಸಿದರೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ, ಮೇಲಾಗಿ ರೂಟ್ ಹೆಸರಿನ ಫೈಲುಗಳು ಅಲ್ಲಿ ಉಳಿದುಬಿಡುತ್ತವೆ. ಯಾವ ಮಾಡ್ಯೂಲ್ ಎಷ್ಟು ಹೊತ್ತು ತಿನ್ನುತ್ತಿದೆಯೆಂದು ಬೇಕಿದ್ದರೆ ದೊಡ್ಡಕ್ಷರದ -ಎಕ್ಸ್ ಜೊತೆ ಇಂಪೋರ್ಟ್‌ಟೈಮ್ ಕೊಡಿ.

ಹಲವು ಪ್ರಕ್ರಿಯೆಗಳು ಒಟ್ಟಿಗೆ ಒಂದೇ ಫೈಲ್ ಬರೆದರೆ ಅರ್ಧಂಬರ್ಧ ಆಗುವುದೇ ಎಂಬ ಭಯ ಬೇಡ. ಪೈಥಾನ್ ಮೊದಲು ತಾತ್ಕಾಲಿಕ ಹೆಸರಿನಲ್ಲಿ ಬರೆದು ಆಮೇಲೆ ಹೆಸರು ಬದಲಿಸುತ್ತದೆ.

ಹಳೆಯ ವರ್ಷನ್ ತೆಗೆಯುವಾಗ

3.10ಕ್ಕೆ ವಿದಾಯ ಹೇಳಿದ ಮೇಲೆ ಅದರ ಬೈಟ್‌ಕೋಡ್ ತಾನಾಗಿ ಹೋಗುವುದಿಲ್ಲ. ಎಲ್ಲ __ಪೈಕ್ಯಾಶ್__ ಅಳಿಸಿದರೆ ಉಳಿದೆರಡು ವರ್ಷನ್‌ಗೂ ಮತ್ತೆ ಕಂಪೈಲ್ ಮಾಡಬೇಕಾಗುತ್ತದೆ, ಆದ್ದರಿಂದ ಟ್ಯಾಗ್ ನೋಡಿ ಅಳಿಸಿ:

ಫೈಂಡ್ /ಆಪ್ಟ್/ಕಾಮನ್ -ನೇಮ್ '*.ಸಿಪೈಥಾನ್-310*.ಪಿವೈಸಿ' -ಡಿಲೀಟ್

310ರ ನಂತರದ ನಕ್ಷತ್ರ ಚಿಹ್ನೆ ಮುಖ್ಯ. ಆಪ್ಟ್-1, ಆಪ್ಟ್-2 ಪ್ರತಿಗಳೂ, ಟೆಸ್ಟ್ ಓಡಿಸುವ ಪೈಟೆಸ್ಟ್ ತನ್ನ ಹೆಸರು ಸೇರಿಸಿ ಬರೆದಿಟ್ಟ ಪ್ರತಿಗಳೂ ಅದರಿಂದಲೇ ಸಿಗುತ್ತವೆ. -ಡಿಲೀಟ್ ಬದಲು ಮೊದಲು -ಪ್ರಿಂಟ್ ಹಾಕಿ ಪಟ್ಟಿ ನೋಡಿಕೊಳ್ಳಿ.

ಗಿಟ್‌ಗೆ ಬೈಟ್‌ಕೋಡ್ ಸೇರಿಸಬೇಡಿ; .ಗಿಟ್‌ಇಗ್ನೋರ್‌ನಲ್ಲಿ __ಪೈಕ್ಯಾಶ್__/ ಎಂಬ ಒಂದು ಸಾಲು ಸಾಕು. ಇದರಿಂದ ಒಂದು ವಿಚಿತ್ರ ತೊಂದರೆ ಹುಟ್ಟುತ್ತದೆ. ಹೊಸ ಬ್ರಾಂಚ್‌ನಲ್ಲಿ ವರದಿ ಎಂಬ ಪ್ಯಾಕೇಜನ್ನು ಅಳಿಸಿದ್ದಾರೆಂದುಕೊಳ್ಳಿ. ಆ ಬ್ರಾಂಚ್‌ಗೆ ಹೋದಾಗ ಗಿಟ್ ಸೋರ್ಸ್ ಫೈಲುಗಳನ್ನು ತೆಗೆಯುತ್ತದೆ, ತನಗೆ ಸಂಬಂಧವಿಲ್ಲದ __ಪೈಕ್ಯಾಶ್__ ಅನ್ನು ಮುಟ್ಟುವುದಿಲ್ಲ, ಹಾಗಾಗಿ ವರದಿ ಫೋಲ್ಡರ್ ಉಳಿಯುತ್ತದೆ. ಸೋರ್ಸ್ ಇಲ್ಲದ ಬೈಟ್‌ಕೋಡನ್ನು __ಪೈಕ್ಯಾಶ್__ನಿಂದ ಪೈಥಾನ್ ಎಂದೂ ಲೋಡ್ ಮಾಡದು. ಪೈಥಾನ್ 2ರಲ್ಲಿ ಅಳಿಸಿದ ಮಾಡ್ಯೂಲ್ ದೆವ್ವದಂತೆ ಓಡುತ್ತಿದ್ದ ಕಾಟ ಈಗಿಲ್ಲ. ಆದರೆ 3.3ರಿಂದ __ಇನಿಟ್__.ಪಿವೈ ಇಲ್ಲದ ಫೋಲ್ಡರ್ ಕೂಡ ನೇಮ್‌ಸ್ಪೇಸ್ ಪ್ಯಾಕೇಜ್ ಆಗುತ್ತದೆ. ಹೀಗಾಗಿ ಇಂಪೋರ್ಟ್ ವರದಿ ಎಂದರೆ ಎರರ್ ಬರದೆ ಖಾಲಿ ಪ್ಯಾಕೇಜ್ ಬರುತ್ತದೆ. ಆ ಮಾಡ್ಯೂಲ್ ಇದೆಯೋ ಇಲ್ಲವೋ ಎಂದು ಇಂಪೋರ್ಟ್ ಮಾಡಿಯೇ ತಿಳಿಯುವ ಕೋಡ್ ದಾರಿ ತಪ್ಪುತ್ತದೆ. ಬ್ರಾಂಚ್ ಬದಲಿಸಿದ ಮೇಲೆ ಗಿಟ್ ಕ್ಲೀನ್ ಕಮಾಂಡನ್ನು -ಎಫ್‌ಡಿ ಮತ್ತು ದೊಡ್ಡಕ್ಷರದ -ಎಕ್ಸ್ ಆಯ್ಕೆಗಳೊಂದಿಗೆ ಓಡಿಸಿದರೆ ಇಗ್ನೋರ್ ಆದ ಫೈಲುಗಳಷ್ಟೇ ಹೋಗುತ್ತವೆ. ಆ ಪಟ್ಟಿಯಲ್ಲಿ ನಿಮ್ಮ ಪಾಸ್‌ವರ್ಡ್ ಇರುವ .ಎನ್ವ್ ಫೈಲ್, ವರ್ಚುವಲ್ ಎನ್ವಿರಾನ್‌ಮೆಂಟ್ ಕೂಡ ಇರಬಹುದು, ಹಾಗಾಗಿ ಮೊದಲು -ಎನ್ ಸೇರಿಸಿ ಏನೇನು ಹೋಗುತ್ತದೆಂದು ನೋಡಿ.